ಚಕ್ರವೂ ಕೀಲಿಯೂ ಒಂದೇ ರೇಡಿಯೊದಲ್ಲಿ

ಹತ್ತು ಹದಿನೈದು ವರ್ಷ ಓಡಿದ ಸ್ಪೋರ್ಟ್ಸ್ ಕಾರಿನಲ್ಲಿ ಟೈರ್ ಒತ್ತಡದ ಎಚ್ಚರಿಕೆ ದೀಪ ಹೊತ್ತಿಕೊಂಡು ಆರದೇ ಉಳಿದರೆ, ಗೇಜ್ ಹಿಡಿದು ನೋಡಿದಾಗ ನಾಲ್ಕೂ ಟೈರ್‌ಗಳಲ್ಲಿ ಗಾಳಿ ಸರಿಯಾಗಿಯೇ ಇದ್ದರೆ, ಚಕ್ರದೊಳಗಿನ ಸೆನ್ಸರ್‌ನ ಬ್ಯಾಟರಿ ಮುಗಿದಿರಬೇಕೆಂದು ಊಹಿಸುವುದರಲ್ಲಿ ತಪ್ಪಿಲ್ಲ. ಹೆಚ್ಚುಕಡಿಮೆ ಅದೇ ವಯಸ್ಸಿಗೆ ರಿಮೋಟ್ ಕೀಲಿಯ ಗುಂಡಿಗಳೂ ಸವೆದು, ಎರಡು ಮೂರು ಸಲ ಒತ್ತಿದ ಮೇಲಷ್ಟೇ ಬಾಗಿಲು ತೆರೆಯುವ ಸ್ಥಿತಿಗೆ ಬಂದಿರುತ್ತವೆ. ಮಾಲೀಕರು ಇವೆರಡನ್ನೂ ಪರಸ್ಪರ ಸಂಬಂಧವಿಲ್ಲದ ಕೆಲಸಗಳೆಂದು ಭಾವಿಸುವುದು ಸಹಜ. ಆದರೆ 1997ರಲ್ಲಿ ಬಂದ, ಅಮೆರಿಕದ ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರಾದ ಐದನೆಯ ತಲೆಮಾರಿನ ಕಾರ್ವೆಟ್‌ನಂಥ ಹಲವು ಕಾರುಗಳಲ್ಲಿ ಚಕ್ರ ಕಳಿಸುವ ಸಂದೇಶವನ್ನೂ ಕೀಲಿ ಕಳಿಸುವ ಸಂದೇಶವನ್ನೂ ಕೇಳಿಸಿಕೊಳ್ಳುವುದು ಒಂದೇ ರೇಡಿಯೊ ರಿಸೀವರ್. ಹಾಗಾಗಿ ಒಂದಕ್ಕೆ ಕೈ ಹಾಕುವ ಮುನ್ನ ಇನ್ನೊಂದರ ಲೆಕ್ಕವನ್ನೂ ನೋಡಬೇಕಾಗುತ್ತದೆ. ಎರಡರ ತೂಕ ಮಾತ್ರ ಸಮನಲ್ಲ. ಟೈರ್ ಸೆನ್ಸರ್‌ಗೆ ಮಾಡುವ ಖರ್ಚು ನೇರವಾಗಿ ಸುರಕ್ಷತೆಗೆ ಸಲ್ಲುತ್ತದೆ. ಕೀಲಿರಹಿತ ಪ್ರವೇಶಕ್ಕೆ ಮಾಡುವ ಖರ್ಚು ಅನುಕೂಲವನ್ನು ತರುತ್ತದೆ, ಜೊತೆಗೆ ಕಾರಿನಲ್ಲಿ ಮೊದಲಿಲ್ಲದ ಕೆಲವು ದೌರ್ಬಲ್ಯಗಳನ್ನೂ ತರಬಹುದು.

ಚಕ್ರದಿಂದಲೇ ಆರಂಭಿಸೋಣ. ಟೈರ್‌ನೊಳಗೆ, ವಾಲ್ವ್‌ನ ಬುಡಕ್ಕೆ ಅಂಟಿಕೊಂಡಂತೆ ಕೂರುವ ಸುಮಾರು 30 ಗ್ರಾಂ ತೂಕದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಲಿಕಾನ್‌ನ ತೆಳುಪೊರೆಯೊಂದು ಗಾಳಿಯ ಒತ್ತಡಕ್ಕೆ ಬಾಗಿದಷ್ಟನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಅದರ ಜೊತೆಗೆ ತಾಪಮಾನದ ಸೆನ್ಸರ್, ಚಕ್ರ ತಿರುಗುತ್ತಿದೆಯೇ ಎಂದು ತಿಳಿಯುವ ವೇಗೋತ್ಕರ್ಷ ಮಾಪಕ, ಪುಟ್ಟದೊಂದು ಪ್ರೊಸೆಸರ್, ರೇಡಿಯೊ ಪ್ರೇಷಕ ಮತ್ತು ನಾಣ್ಯದ ಗಾತ್ರದ ಲಿಥಿಯಂ ಬ್ಯಾಟರಿ ಇರುತ್ತವೆ. ಇಷ್ಟೂ ಭಾಗಗಳು ಯಾವ ಪರಿಸ್ಥಿತಿಯಲ್ಲಿ ಬದುಕುತ್ತವೆ ಎಂಬುದನ್ನು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಮಾನ್ಯ ಗಾತ್ರದ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಆಗ ರಿಮ್‌ನ ಅಂಚಿನಲ್ಲಿರುವ ವಸ್ತುವಿನ ಮೇಲೆ ಗುರುತ್ವಾಕರ್ಷಣೆಯ ಸುಮಾರು 160 ಪಟ್ಟು ಬಲ ಬೀಳುತ್ತದೆ, ಅಂದರೆ 30 ಗ್ರಾಂ ಸೆನ್ಸರ್ ತನ್ನ ಹಿಡಿಕೆಯನ್ನು ಐದು ಕಿಲೋಗ್ರಾಂ ವಸ್ತುವಿನಂತೆ ಜಗ್ಗುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುವುದರಿಂದ 200 ಕಿಲೋಮೀಟರ್ ವೇಗದಲ್ಲಿ ಅದೇ ಡಬ್ಬಿಯ ಜಗ್ಗಾಟ ಹತ್ತೊಂಬತ್ತು ಕಿಲೋಗ್ರಾಂ ದಾಟುತ್ತದೆ. ವೇಗವಾಗಿ ಓಡಿಸಲೆಂದೇ ಕಟ್ಟಿದ ಕಾರುಗಳಿಗೆ ರಬ್ಬರ್ ವಾಲ್ವ್‌ನ ಬದಲು ನಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಇರುವ ಸೆನ್ಸರ್‌ಗಳನ್ನೇ ಆರಿಸಬೇಕು ಎನ್ನುವುದು ಈ ಕಾರಣಕ್ಕೆ.

ಬ್ಯಾಟರಿಯ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಇಂಥ ಬ್ಯಾಟರಿಯ ಸಾಮರ್ಥ್ಯ ಸುಮಾರು 220 ಮಿಲಿ ಆಂಪಿಯರ್ ಗಂಟೆ ಎಂದುಕೊಂಡರೆ, ಅದು ಹತ್ತು ವರ್ಷ, ಅಂದರೆ 87,600 ಗಂಟೆ ಬಾಳಲು ಸೆನ್ಸರ್ ಸರಾಸರಿ ಎರಡೂವರೆ ಮೈಕ್ರೋ ಆಂಪಿಯರ್‌ಗಿಂತ ಹೆಚ್ಚು ವಿದ್ಯುತ್ ಎಳೆಯುವಂತಿಲ್ಲ. ಆದ್ದರಿಂದ ಅದು ಬಹುಪಾಲು ಸಮಯ ನಿದ್ರಿಸುತ್ತದೆ. ಚಕ್ರ ತಿರುಗತೊಡಗಿದಾಗ ಎಚ್ಚೆತ್ತು, ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ತನ್ನ ಗುರುತಿನ ಸಂಖ್ಯೆ, ಒತ್ತಡ, ತಾಪಮಾನಗಳನ್ನು ಕ್ಷಣಾರ್ಧದಲ್ಲಿ ಕಳಿಸಿ ಮತ್ತೆ ಮಲಗುತ್ತದೆ. ತೇವ ಮತ್ತು ಅದುರಾಟದಿಂದ ರಕ್ಷಿಸಲು ಇಡೀ ಸರ್ಕ್ಯೂಟನ್ನು ಗಟ್ಟಿ ಅಂಟಿನಲ್ಲಿ ಹುಗಿದಿರುವುದರಿಂದ ಬ್ಯಾಟರಿಯನ್ನಷ್ಟೇ ಬದಲಾಯಿಸುವ ಅವಕಾಶ ಇಲ್ಲ. ಅಂಟನ್ನು ಕೆತ್ತಿ ತೆಗೆದು ಹೊಸ ಬ್ಯಾಟರಿ ಬೆಸುಗೆ ಹಾಕುವ ಸಾಹಸಿಗಳಿದ್ದಾರೆ. ಮೇಲೆ ಹೇಳಿದ ಬಲದ ಲೆಕ್ಕವನ್ನು ನೋಡಿದವರಿಗೆ ಆ ಉಳಿತಾಯ ಅಷ್ಟೇನೂ ಆಕರ್ಷಕವಾಗಿ ಕಾಣಲಾರದು. ಜೊತೆಗೇ ಹುಟ್ಟಿದ ನಾಲ್ಕು ಸೆನ್ಸರ್‌ಗಳು ಸಾಯುವುದೂ ಆಸುಪಾಸಿನಲ್ಲೇ ಆದ್ದರಿಂದ, ಒಂದು ಕೆಟ್ಟಾಗ ನಾಲ್ಕನ್ನೂ, ಅದರಲ್ಲೂ ಹೊಸ ಟೈರ್ ಹಾಕಿಸುವ ಹೊತ್ತಿನಲ್ಲಿ, ಬದಲಾಯಿಸುವುದೇ ಲೇಸು.

ಇಷ್ಟೆಲ್ಲ ಕಷ್ಟಪಟ್ಟು ಒತ್ತಡ ಅಳೆಯಬೇಕೇ ಎಂಬ ಪ್ರಶ್ನೆಗೆ ಉತ್ತರ ಟೈರ್‌ನ ಪಕ್ಕಗೋಡೆಯಲ್ಲಿದೆ. ಗಾಳಿ ಕಡಿಮೆಯಾದಾಗ ಪಕ್ಕಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ. ಬಾಗಿದ ರಬ್ಬರ್ ತಾನು ಪಡೆದ ಶಕ್ತಿಯನ್ನು ಪೂರ್ತಿ ಹಿಂದಿರುಗಿಸದೆ ಒಂದಷ್ಟನ್ನು ಶಾಖವಾಗಿ ಉಳಿಸಿಕೊಳ್ಳುತ್ತದೆ, ಆ ಶಾಖ ಕೊನೆಗೆ ಪದರಗಳನ್ನೇ ಬಿಡಿಸಿಬಿಡಬಹುದು. ಎತ್ತರದ ಪಕ್ಕಗೋಡೆಯ ಟೈರ್ ಗಾಳಿ ಇಳಿದಾಗ ಉಬ್ಬಿ ತೋರಿಸಿಕೊಡುತ್ತದೆ. ಸ್ಪೋರ್ಟ್ಸ್ ಕಾರಿನ ಗಿಡ್ಡ, ಬಿರುಸಾದ ಪಕ್ಕಗೋಡೆ ಎಂಟು ಹತ್ತು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಳೆದುಕೊಂಡ ಮೇಲೂ ಕಣ್ಣಿಗೆ ಮೊದಲಿನಂತೆಯೇ ಕಾಣುತ್ತದೆ. ಪಂಕ್ಚರ್ ಆದ ಮೇಲೂ ಓಡಬಲ್ಲ ರನ್‌ಫ್ಲ್ಯಾಟ್ ಟೈರ್‌ಗಳಲ್ಲಂತೂ ಗಾಳಿ ಪೂರಾ ಹೋದದ್ದೂ ಚಾಲಕನಿಗೆ ತಿಳಿಯದಿರಬಹುದು. ಅವನ್ನು ಕಾರ್ಖಾನೆಯಿಂದಲೇ ಹಾಕಿ ಕಳಿಸಿದ ಐದನೆಯ ತಲೆಮಾರಿನ ಕಾರ್ವೆಟ್‌ಗೆ ಒತ್ತಡದ ಸೆನ್ಸರ್‌ಗಳನ್ನೂ ಕೊಟ್ಟದ್ದರ ಹಿಂದೆ ಇದ್ದದ್ದು ಇದೇ ತರ್ಕ. 1986ರಲ್ಲಿ ತಯಾರಿಕೆ ಆರಂಭವಾದ ಪೋರ್ಶ 959 ಟೊಳ್ಳು ಕಡ್ಡಿಗಳ ಚಕ್ರಗಳಲ್ಲಿ ಇಂಥ ವ್ಯವಸ್ಥೆಯನ್ನು ಅದಕ್ಕೂ ಮುಂಚೆ ತಂದಿತ್ತು. ಸಾಮಾನ್ಯ ಕಾರುಗಳಿಗೆ ಅದು ಬಂದದ್ದು ಕಾನೂನಿನ ಮೂಲಕ. 2000ದ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ 65 ಲಕ್ಷ ಟೈರ್‌ಗಳನ್ನು ವಾಪಸು ಕರೆಸಿಕೊಂಡ ಪ್ರಕರಣದ ಬೆನ್ನಲ್ಲೇ ಅಲ್ಲಿನ ಸಂಸತ್ತು ಕಾಯ್ದೆ ತಂದಿತು. ಒತ್ತಡ ನಿಗದಿತ ಮಟ್ಟಕ್ಕಿಂತ ಶೇಕಡಾ 25ರಷ್ಟು ಇಳಿದಾಗ ಎಚ್ಚರಿಸುವ ವ್ಯವಸ್ಥೆ 2008ರ ಮಾದರಿಗಳ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಯುರೋಪಿನ ಒಕ್ಕೂಟದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ 2014ರ ನವೆಂಬರ್‌ನಿಂದ ಕಡ್ಡಾಯವಾಯಿತು.

ಈ ಶೇಕಡಾ 25 ಎಂಬುದು ಬಹಳ ಉದಾರವಾದ ಮಿತಿ. 32 ಪಿಎಸ್‌ಐ ಇರಬೇಕಾದ ಟೈರ್ 24ಕ್ಕೆ ಇಳಿಯುವವರೆಗೂ ದೀಪ ಸುಮ್ಮನಿರಬಹುದು. ತಿರುವುಗಳಲ್ಲಿ ಚುರುಕಾಗಿ ಓಡಿಸುವವರಿಗೆ ಎರಡು ಪಿಎಸ್‌ಐ ವ್ಯತ್ಯಾಸವೂ ಸ್ಟೀರಿಂಗ್‌ನಲ್ಲಿ ತಿಳಿಯುತ್ತದೆ. ಹೀಗಾಗಿ ದೀಪವೊಂದನ್ನೇ ನೀಡುವ ವ್ಯವಸ್ಥೆಗಿಂತ ಪ್ರತಿ ಚಕ್ರದ ಅಂಕಿಯನ್ನು ತೋರಿಸುವ ವ್ಯವಸ್ಥೆ ಇಂಥ ಕಾರಿಗೆ ಹೆಚ್ಚು ಉಪಯುಕ್ತ. ಅಂಕಿಯನ್ನು ಓದುವಾಗ ತಾಪಮಾನವನ್ನು ಮರೆಯಬಾರದು. ಮುಚ್ಚಿದ ಗಾಳಿಯ ಒಟ್ಟು ಒತ್ತಡ ಅದರ ನಿರಪೇಕ್ಷ ತಾಪಮಾನಕ್ಕೆ ಅನುಪಾತದಲ್ಲಿರುವುದರಿಂದ, 32 ಪಿಎಸ್‌ಐ ತುಂಬಿದ ಟೈರ್ ಹತ್ತು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಸುಮಾರು 1.6 ಪಿಎಸ್‌ಐ ಕಳೆದುಕೊಳ್ಳುತ್ತದೆ. ಚಳಿಯ ಬೆಳಗ್ಗೆ ಹೊತ್ತಿದ ದೀಪ ಸ್ವಲ್ಪ ದೂರ ಓಡಿದ ಮೇಲೆ ಆರುವುದು ಇದರಿಂದಲೇ; ಹಾಗೆ ಆರಿತೆಂದು ಗಾಳಿ ತುಂಬಿಸದೆ ಬಿಡುವುದು ಸರಿಯಲ್ಲ.

ಹೊಸ ಸೆನ್ಸರ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಆವರ್ತನ. ಉತ್ತರ ಅಮೆರಿಕಕ್ಕಾಗಿ ತಯಾರಾದ ಹಳೆಯ ಕಾರುಗಳು ಬಹುಮಟ್ಟಿಗೆ 315 ಮೆಗಾಹರ್ಟ್ಸ್‌ನಲ್ಲಿಯೂ ಯುರೋಪಿಗೆ ತಯಾರಾದವು 433.92 ಮೆಗಾಹರ್ಟ್ಸ್‌ನಲ್ಲಿಯೂ ಕೇಳುತ್ತವೆ. ಒಂದಕ್ಕೆ ಹೊಂದಿಸಿದ ರಿಸೀವರ್‌ಗೆ ಇನ್ನೊಂದು ಕೇಳಿಸುವುದೇ ಇಲ್ಲ. ಒಂದು ಖಂಡದಿಂದ ಇನ್ನೊಂದಕ್ಕೆ ಆಮದಾದ ಕಾರಿನಲ್ಲಿ ಮೆಕ್ಯಾನಿಕ್‌ಗಳು ತಲೆ ಕೆಡಿಸಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಆವರ್ತನ ಹೊಂದಿದರೂ ಸಂದೇಶದ ವಿನ್ಯಾಸ ತಯಾರಕರಿಂದ ತಯಾರಕರಿಗೆ, ಒಮ್ಮೊಮ್ಮೆ ಒಂದೇ ಮಾದರಿಯ ಬೇರೆ ಬೇರೆ ವರ್ಷಗಳಿಗೆ ಬದಲಾಗುತ್ತದೆ. ಈ ತೊಡಕಿಗೆ ಜಾಣ ಪರಿಹಾರ ಒದಗಿಸಿರುವುದು ಪ್ರೋಗ್ರಾಂ ಮಾಡಬಹುದಾದ ಸೆನ್ಸರ್‌ಗಳು. 125 ಕಿಲೋಹರ್ಟ್ಸ್‌ನ ಕಾಂತೀಯ ಸಂಕೇತದಿಂದ ಹಳೆಯ ಸೆನ್ಸರನ್ನು ಎಬ್ಬಿಸಿ, ಅದರ ಗುರುತಿನ ಸಂಖ್ಯೆಯನ್ನು ಓದಿ, ಅದನ್ನೇ ಹೊಸದಕ್ಕೆ ಬರೆದುಬಿಡಬಹುದು. ಚಕ್ರ ಬದಲಾಗಿದೆ ಎಂಬುದು ಕಾರಿಗೆ ಗೊತ್ತೇ ಆಗುವುದಿಲ್ಲ, ಹೊಸ ಸಂಖ್ಯೆಗಳನ್ನು ಕಲಿಸುವ ವಿಧಿಯೂ ಬೇಕಾಗುವುದಿಲ್ಲ. ಹಳೆಯದು ಪೂರ್ತಿ ಸತ್ತಿದ್ದರೆ ಈ ಉಪಾಯ ನಡೆಯದು. ಆಗ ಕಾರನ್ನು ಕಲಿಕೆಯ ಸ್ಥಿತಿಗೆ ತಂದು, ತಯಾರಕರು ಹೇಳಿದ ಕ್ರಮದಲ್ಲಿ ಒಂದೊಂದೇ ಚಕ್ರವನ್ನು ಪರಿಚಯಿಸಬೇಕು. ಬ್ಯಾಟರಿ ಕೊನೆಯುಸಿರು ಎಳೆಯುವ ಮೊದಲೇ ನಾಲ್ಕು ಸಂಖ್ಯೆಗಳನ್ನು ಓದಿಸಿ ಬರೆದಿಟ್ಟುಕೊಳ್ಳುವುದು ಜಾಣತನ.

ಸೆನ್ಸರೇ ಇಲ್ಲದಷ್ಟು ಹಳೆಯ ಕಾರಿಗೆ ಪ್ರತ್ಯೇಕ ಪರದೆಯುಳ್ಳ ಕಿಟ್‌ಗಳು ಸಿಗುತ್ತವೆ. ವಾಲ್ವ್‌ನ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವ ಸೆನ್ಸರ್‌ಗಳು ಸುಲಭವೆನಿಸಿದರೂ, ಅವುಗಳ ತೂಕ ಕಾಂಡದ ತುದಿಗೆ ಬಿದ್ದು ಹಳೆಯ ರಬ್ಬರ್ ವಾಲ್ವ್ ಬಾಗಿ ಬಿರಿಯುವ ಅಪಾಯವಿದೆ, ಅಲ್ಲದೆ ಅವು ವಾಲ್ವನ್ನು ಸದಾ ತೆರೆದೇ ಇಡುತ್ತವೆ. ವೇಗದ ಕಾರಿಗೆ ಒಳಗೆ ಕೂರುವ ಬಗೆಯೇ ಸರಿ. ಅಳವಡಿಸಿದ ಮೇಲೆ ಚಕ್ರವನ್ನು ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಅಲ್ಯೂಮಿನಿಯಂ ವಾಲ್ವ್‌ನೊಳಗೆ ಹಿತ್ತಾಳೆಯ ಸಾಮಾನ್ಯ ಪಿನ್ ಹಾಕಿದರೆ ಎರಡು ಲೋಹಗಳ ನಡುವೆ ತೇವ ಸೇರಿ ಸವೆತ ಆರಂಭವಾಗುತ್ತದೆ, ಮುಂದೊಂದು ದಿನ ಪಿನ್ ಬಿಚ್ಚಹೋದಾಗ ವಾಲ್ವೇ ಮುರಿದು ಕೈಗೆ ಬರುತ್ತದೆ. ನಿಕ್ಕಲ್ ಲೇಪಿಸಿದ ಪಿನ್ ಕೇಳಿ ಹಾಕಿಸಿಕೊಂಡರೆ ಇದನ್ನು ತಪ್ಪಿಸಬಹುದು.

ಇನ್ನು ಕೀಲಿಯ ವಿಚಾರ. ಇಲ್ಲಿ ಮೂರು ಬೇರೆ ಬೇರೆ ವ್ಯವಸ್ಥೆಗಳು ಒಂದೇ ಗೊಂಚಲಿನಲ್ಲಿ ಸೇರಿಕೊಂಡಿವೆ. ಗುಂಡಿ ಒತ್ತಿದಾಗ ಬಾಗಿಲು ತೆರೆಯುವ ರಿಮೋಟ್ ಒಂದು. ಕೀಲಿಯ ತಲೆಯಲ್ಲಿ ಅಡಗಿದ್ದು ಸರಿಯಾದ ಉತ್ತರ ಕೊಡದಿದ್ದರೆ ಎಂಜಿನ್ ಶುರುವಾಗಲು ಬಿಡದ ಇಮ್ಮೊಬಿಲೈಸರ್ ಚಿಪ್ ಇನ್ನೊಂದು. ಜೇಬಿನಿಂದ ಕೀಲಿ ತೆಗೆಯದೆಯೇ ಬಾಗಿಲು ತೆರೆಯುವ ಕೀಲಿರಹಿತ ಪ್ರವೇಶ ಮೂರನೆಯದು. ಹಳೆಯ ಕಾರಿಗೆ ಮೊದಲನೆಯದನ್ನು ಸೇರಿಸುವುದು ನಿರುಪದ್ರವಿ ಕೆಲಸ. ಸೆಂಟ್ರಲ್ ಲಾಕ್ ಇದ್ದರೆ ಅದರ ತಂತಿಗಳಿಗೆ ಹೊಸ ರಿಸೀವರ್ ಜೋಡಿಸಿದರೆ ಆಯಿತು. ಆದರೆ ಪ್ರತಿ ಸಲ ಒತ್ತಿದಾಗಲೂ ಸಂಕೇತ ಬದಲಾಗುವ ಬಗೆಯ ರಿಮೋಟ್ ಆಗಿರಬೇಕು. ಸಂಕೇತ ಬದಲಾಗದ ರಿಮೋಟ್‌ನ ಸಂದೇಶವನ್ನು ಹತ್ತಿರದಲ್ಲಿ ನಿಂತವರು ಒಮ್ಮೆ ಮುದ್ರಿಸಿಕೊಂಡರೆ ಎಷ್ಟು ಸಲ ಬೇಕಾದರೂ ಬಳಸಬಹುದು. ಬದಲಾಗುವ ಬಗೆಯಲ್ಲಿ ಕೀಲಿಯೂ ಕಾರೂ ಒಂದೇ ಎಣಿಕೆಯನ್ನು ಇಟ್ಟುಕೊಂಡು, ಒಮ್ಮೆ ಬಳಸಿದ ಸಂಕೇತವನ್ನು ಮತ್ತೆ ಒಪ್ಪುವುದಿಲ್ಲ.

ಮೂರನೆಯ ವ್ಯವಸ್ಥೆಯ ಭೌತವಿಜ್ಞಾನ ಸೊಗಸಾಗಿದೆ, ಅದರ ದೌರ್ಬಲ್ಯ ಇರುವುದೂ ಅಲ್ಲಿಯೇ. ಕಾರು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಒಂದು ಸವಾಲನ್ನು ಹೊರಡಿಸುತ್ತದೆ. ಈ ಆವರ್ತನದ ತರಂಗದ ಉದ್ದ 2.4 ಕಿಲೋಮೀಟರ್. ಅದಕ್ಕೆ ಹೋಲಿಸಿದರೆ ಕೈಯಳತೆಯ ದೂರ ಏನೂ ಅಲ್ಲವಾದ್ದರಿಂದ, ಅಲ್ಲಿ ಸುರುಳಿಯ ಸುತ್ತಣ ಕಾಂತಕ್ಷೇತ್ರವಷ್ಟೇ ಕೆಲಸ ಮಾಡುತ್ತದೆ, ಅದು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಸವಾಲು ಒಂದೆರಡು ಮೀಟರ್‌ನಾಚೆ ತಲುಪದು. ಸವಾಲನ್ನು ಕೇಳಿಸಿಕೊಂಡ ಕೀಲಿ 315 ಅಥವಾ 433 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸಿದರೆ, ಮಾಲೀಕ ಪಕ್ಕದಲ್ಲೇ ಇದ್ದಾನೆಂದು ಕಾರು ತೀರ್ಮಾನಿಸುತ್ತದೆ. ಆದರೆ ಒಬ್ಬ ಕಳ್ಳ ಕಾರಿನ ಬಳಿಯೂ ಇನ್ನೊಬ್ಬ ಕೀಲಿ ಇರುವ ಮನೆಯ ಬಾಗಿಲ ಬಳಿಯೂ ನಿಂತು ಈ ಸವಾಲನ್ನು ಹಿಡಿದು, ವರ್ಧಿಸಿ, ದಾಟಿಸಿದರೆ ತೀರ್ಮಾನ ತಲೆಕೆಳಗಾಗುತ್ತದೆ. ರಹಸ್ಯ ಸಂಕೇತವನ್ನು ಬಿಡಿಸುವ ಅಗತ್ಯವೇ ಅವರಿಗಿಲ್ಲ, ಮಾತನ್ನು ಆಚೆಗೆ ಮುಟ್ಟಿಸಿದರೆ ಸಾಕು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ತಯಾರಕರ ಹತ್ತು ಮಾದರಿಗಳನ್ನು ಹೀಗೆ ಪರೀಕ್ಷಿಸಿದರು, ಹತ್ತೂ ತೆರೆದುಕೊಂಡವು.

ಟೈರ್ ಸೆನ್ಸರ್‌ಗಳಿಗೂ ಇಂಥ ಮೋಸದಿಂದ ರಕ್ಷಣೆಯಿಲ್ಲ. ಅವುಗಳ ಸಂದೇಶವನ್ನು 40 ಮೀಟರ್ ದೂರದಿಂದಲೂ ಕೇಳಬಹುದೆಂದೂ, ಸುಳ್ಳು ಸಂದೇಶ ಕಳಿಸಿ ಎಚ್ಚರಿಕೆ ದೀಪ ಹೊತ್ತಿಸಬಹುದೆಂದೂ ರಟ್ಗರ್ಸ್ ಮತ್ತು ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ತಂಡ 2010ರಲ್ಲಿ ತೋರಿಸಿತು. ಆದರೆ ಸುಳ್ಳು ದೀಪದಿಂದ ಕಾರು ಕಳುವಾಗದು.

ಕೀಲಿಯ ಸವಾಲನ್ನು ದೂರಕ್ಕೆ ದಾಟಿಸುವ ತೊಂದರೆಗೆ ಹೊಸ ಕಾರುಗಳು ಅಲ್ಟ್ರಾ ವೈಡ್‌ಬ್ಯಾಂಡ್ ರೇಡಿಯೊದ ಉತ್ತರ ಕಂಡುಕೊಂಡಿವೆ. ರೇಡಿಯೊ ತರಂಗ ಒಂದು ನ್ಯಾನೋಸೆಕೆಂಡಿನಲ್ಲಿ ಸಾಗುವುದು 30 ಸೆಂಟಿಮೀಟರ್ ಮಾತ್ರ. ಉತ್ತರ ಬರಲು ತಗುಲಿದ ಸಮಯವನ್ನು ಅಷ್ಟು ನಿಖರವಾಗಿ ಅಳೆದರೆ, ನಡುವೆ ದಾಟಿಸುವವರು ಎಷ್ಟೇ ವರ್ಧಿಸಿದರೂ ದೂರವನ್ನು ಮುಚ್ಚಿಡಲಾರರು. ಹಳೆಯ ಕಾರಿಗೆ ಸಿಗುವ ಅಗ್ಗದ ಕಿಟ್‌ಗಳಲ್ಲಿ ಹಲವು ಸಂಕೇತದ ಬಲವನ್ನೇ ಹತ್ತಿರದ ಸಾಕ್ಷಿಯೆಂದು ನಂಬುತ್ತವೆ, ಅದು ವರ್ಧಕವೊಂದಕ್ಕೆ ಸೋಲುವ ಸಾಕ್ಷಿ. ಕೊಳ್ಳಲೇಬೇಕೆಂದಿದ್ದರೆ, ಅಲುಗದೆ ಬಿದ್ದಿರುವಾಗ ಉತ್ತರಿಸುವುದನ್ನು ನಿಲ್ಲಿಸುವ, ಚಲನೆ ಗುರುತಿಸುವ ಕೀಲಿಯಿರುವ ಕಿಟ್ ಹುಡುಕಬೇಕು.

ಗುಂಡಿ ಒತ್ತಿ ಎಂಜಿನ್ ಶುರು ಮಾಡುವ ಕಿಟ್‌ಗಳ ಬಗ್ಗೆ ನನಗೆ ಇನ್ನೂ ಹೆಚ್ಚಿನ ಅನುಮಾನವಿದೆ. ಹಳೆಯ ಇಮ್ಮೊಬಿಲೈಸರನ್ನು ಒಪ್ಪಿಸಲು ಇವುಗಳಲ್ಲಿ ಕೆಲವು ಅಸಲಿ ಕೀಲಿಯ ಚಿಪ್ ಒಂದನ್ನು ಡ್ಯಾಶ್‌ಬೋರ್ಡ್‌ನೊಳಗೆ ಶಾಶ್ವತವಾಗಿ ಹುದುಗಿಸಿಡುತ್ತವೆ. ಕಾರಿನೊಳಗೆ ಕೀಲಿ ಸದಾ ಇದೆ ಎಂದು ಇಮ್ಮೊಬಿಲೈಸರ್ ನಂಬಿಕೊಂಡರೆ ಅದು ಇದ್ದೂ ಇಲ್ಲದಂತೆ. ಸ್ಟೀರಿಂಗ್ ಬೀಗದ ಸಮಸ್ಯೆಯೂ ಇದೆ: ಹಳೆಯ ಕಾರಿನ ಯಾಂತ್ರಿಕ ಬೀಗ ಲೋಹದ ಕೀಲಿ ತಿರುಗಿದರಷ್ಟೇ ಬಿಡುತ್ತದೆ, ಅದನ್ನು ಕಿತ್ತು ಹಾಕಿದರೆ ಕಳ್ಳನಿಗಿದ್ದ ಇನ್ನೊಂದು ಅಡ್ಡಿಯೂ ಹೋಗುತ್ತದೆ. ಅರೆಬರೆ ಕಿತ್ತರೆ ಓಡುವಾಗ ಬೀಗ ಬೀಳುವ ಭಯಂಕರ ಸಾಧ್ಯತೆ ಇದೆ. ಹಾಗಾಗಿ ಬಾಗಿಲಿಗೆ ರಿಮೋಟ್ ಹಾಕಿಸಿಕೊಂಡು, ಎಂಜಿನ್ನನ್ನು ಹಳೆಯ ಕೀಲಿಗೇ ಬಿಡುವುದು ನನ್ನ ಆಯ್ಕೆ.

ರಿಮೋಟೇ ಆಗಲಿ ಕೀಲಿರಹಿತ ಕಿಟ್ಟೇ ಆಗಲಿ, ರಿಸೀವರ್ ಹಗಲೂ ರಾತ್ರಿ ಎಚ್ಚರವಾಗಿಯೇ ಇರಬೇಕು ಎಂಬುದನ್ನು ವಾರಗಟ್ಟಲೆ ನಿಂತೇ ಇರುವ ಕಾರಿನ ಮಾಲೀಕರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 20 ಮಿಲಿ ಆಂಪಿಯರ್ ಎಳೆಯುವ ರಿಸೀವರ್ 30 ದಿನದಲ್ಲಿ 14.4 ಆಂಪಿಯರ್ ಗಂಟೆ ತಿನ್ನುತ್ತದೆ, 50 ಮಿಲಿ ಆಂಪಿಯರ್ ಎಳೆದರೆ 36 ಆಂಪಿಯರ್ ಗಂಟೆ ಆಗುತ್ತದೆ, ಅಂದರೆ 60 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಕಿಟ್ ಜೋಡಿಸಿದ ಮೇಲೆ ಬಾಗಿಲು ಮುಚ್ಚಿ, ಕಾರಿನ ಕಂಪ್ಯೂಟರ್‌ಗಳೆಲ್ಲ ನಿದ್ರೆಗೆ ಜಾರುವಷ್ಟು ಹೊತ್ತು ಬಿಟ್ಟು, ಬ್ಯಾಟರಿಯ ಋಣ ತಂತಿಯಲ್ಲಿ ಮೀಟರ್ ಇಟ್ಟು ಈ ಅಂಕಿಯನ್ನು ಓದಿ ತೋರಿಸುವಂತೆ ಮೆಕ್ಯಾನಿಕ್‌ನನ್ನು ಕೇಳಬೇಕು. ಬಾಗಿಲಿನ ಹಳೆಯ ಬೀಗದ ತೂತನ್ನು ಅಂದಕ್ಕಾಗಿ ಮುಚ್ಚಿಸಲು ಅವನು ಸೂಚಿಸಿದರೆ ಬೇಡವೆನ್ನಬೇಕು, ಏಕೆಂದರೆ ಬ್ಯಾಟರಿ ಬರಿದಾದ ದಿನ ಬಾನೆಟ್ ತೆರೆಯುವ ಲಿವರನ್ನು ತಲುಪಲು ಇರುವ ದಾರಿ ಅದೊಂದೇ ಆಗಿರಬಹುದು.