ಹೊಸ ಮಷಿನ್ನಿಗೆ ಹಳೇ ಇಂಕು

ತಮ್ಮನ ಲಗ್ನಪತ್ರಿಕೆ ತರಲು ಗದಗಿನ ಪ್ರೆಸ್ಸೊಂದಕ್ಕೆ ಹೋಗಿದ್ದೆ. ಒಂದು ಹಾಳೆಯ ಹೆಸರು ಮೇಲಿನ ಹಾಳೆಯ ಬೆನ್ನಿಗೆ ಮೆತ್ತಿಕೊಂಡಿತ್ತು. "ಹೊಸಾ ಮಷಿನ್ ಜೋರ್ ಓಡತೈತ್ರಿ, ಹಳೇ ಇಂಕಿಗೆ ಒಣಗಾಕ ಪುರಸೊತ್ತಿಲ್ಲ" ಎಂದ ಅಲ್ಲಿನ ಹುಡುಗ. ಡಿಎನ್‌ಎ ಓದುವ ಹೊಸ ಯಂತ್ರಕ್ಕೆ ಹಳೆ ಆವೃತ್ತಿಯ ಕಿಟ್, ಅಂದರೆ ಓದಲು ಬೇಕಾದ ಕಿಣ್ವ, ಬಣ್ಣದ ಅಕ್ಷರಗಳ ಪೆಟ್ಟಿಗೆ, ಹಾಕಿದರೂ ಹೆಚ್ಚುಕಡಿಮೆ ಇದೇ ಕಥೆ.

ಇಲ್ಯುಮಿನಾ ಕಂಪನಿಯ ಯಂತ್ರ ಡಿಎನ್‌ಎಯನ್ನು ನೇರವಾಗಿ ಓದುವುದಿಲ್ಲ. ಗಾಜಿಗೆ ಅಂಟಿದ ತುಣುಕಿನ ಎದುರು ಜೋಡಿ ಎಳೆ ಕಟ್ಟುತ್ತಾ ಹೋಗುತ್ತದೆ. ಎ, ಸಿ, ಜಿ, ಟಿ ಎಂಬ ಅಕ್ಷರಗಳಿಗೆ ಬಣ್ಣ ಹಚ್ಚಿ, ತುದಿಗೊಂದು ಬೀಗವನ್ನೂ ಹಾಕಿರುತ್ತಾರೆ. ಹಾಗಾಗಿ ಒಂದು ಸುತ್ತಿಗೆ ಒಂದೇ ಅಕ್ಷರ ಸೇರುತ್ತದೆ. ಫೋಟೊ ತೆಗೆದು, ಬಣ್ಣ ಕತ್ತರಿಸಿ, ಬೀಗ ಬಿಚ್ಚಿದ ಮೇಲೆ ಮುಂದಿನ ಸುತ್ತು.

ಫೋಟೊದಲ್ಲಿ ಕಾಣುವ ಒಂದು ಚುಕ್ಕೆ ಎಂದರೆ ಒಂದೇ ತುಣುಕಿನ ಸುಮಾರು ಸಾವಿರ ಪ್ರತಿಗಳು. ಹೆಜ್ಜೆಮೇಳದವರ ಹಾಗೆ ಅವೆಲ್ಲ ಒಟ್ಟಿಗೆ ಹೆಜ್ಜೆ ಇಡಬೇಕು. ಹೊಸ ಯಂತ್ರ, ಅಕ್ಷರ ಜೋಡಿಸುವ ಹೊಸ ಕಿಣ್ವದ ವೇಗ ನಂಬಿ ಸಮಯ ಇಟ್ಟಿರುತ್ತದೆ. ಅಷ್ಟರಲ್ಲಿ ಹಳೆಯ ಕಿಣ್ವದ ಕೆಲಸ ಮುಗಿಯದಿದ್ದರೆ ಕೆಲವು ಪ್ರತಿಗಳು ಹಿಂದೆ ಬೀಳುತ್ತವೆ. ಪ್ರತಿ ಸುತ್ತಿನಲ್ಲಿ ಇನ್ನೂರಕ್ಕೆ ಒಂದರಷ್ಟು ಹಿಂದೆ ಬಿದ್ದರೂ, 150ನೇ ಸುತ್ತಿಗೆ ಹೆಜ್ಜೆ ತಪ್ಪದೆ ಉಳಿದವು ಅರ್ಧಕ್ಕಿಂತ ಕಡಿಮೆ! ಬೇಕಾದರೆ 0.995 ಅನ್ನು 150 ಸಲ ಗುಣಿಸಿ ನೋಡಿ. ಬಣ್ಣಗಳು ಕಲಸಿಹೋಗುತ್ತವೆ, ಯಂತ್ರ ತಪ್ಪು ಓದುತ್ತದೆ.

ಎಲ್ಲ ಹಳೆ ಕಿಟ್ಟೂ ಹೀಗೇ ಅಂತಲ್ಲ. ಇಲ್ಯುಮಿನಾದ್ದೇ ಮೈಸೀಕ್ ಯಂತ್ರದಲ್ಲಿ ಮೂರನೇ ಆವೃತ್ತಿಯ ಕಿಟ್ ತುಣುಕಿನ ಎರಡೂ ತುದಿಯಿಂದ ತಲಾ 300 ಅಕ್ಷರ ಓದಿದರೆ, ಎರಡನೆಯದು 250ರವರೆಗೆ ಓದುತ್ತದೆ. ಯಂತ್ರ ಒಂದೇ, ಮಿತಿ ಮಾತ್ರ ಕಿಟ್ಟಿನದು. 2014ರ ನೆಕ್ಸ್ಟ್‌ಸೀಕ್ 500 ಯಂತ್ರಕ್ಕೆ ಮಾತ್ರ ಅಂಥ ಹಳೆ ಕಿಟ್ ಹಾಕುವ ಯೋಚನೆಯೇ ಬೇಡ. ಅದು ಎರಡೇ ಬಣ್ಣದಲ್ಲಿ ಓದುತ್ತದೆ, ಏನೂ ಹೊಳೆಯದಿದ್ದರೆ ಅದನ್ನು ಜಿ ಎನ್ನುತ್ತದೆ. ಅದಕ್ಕೆ ನಾಲ್ಕು ಬಣ್ಣದ ಹಳೆ ಕಿಟ್ ಹೊಂದುವುದಿಲ್ಲ.

ಅವಧಿ ಮುಗಿದ ಕಿಟ್ ಬೇರೆ, ಹಳೆ ಆವೃತ್ತಿಯ ಕಿಟ್ ಬೇರೆ. ಮೊದಲನೆಯದನ್ನು ನಾನಂತೂ ಮುಟ್ಟುವುದಿಲ್ಲ.

ನಮ್ಮ ಬ್ಯಾಡಗಿ ಮೆಣಸಿನಕಾಯಿ ನೋಡಿ. ಮೆಣಸಿನ ಗಿಡದ ಡಿಎನ್‌ಎಯಲ್ಲಿ ಸುಮಾರು 350 ಕೋಟಿ ಅಕ್ಷರ, ಮನುಷ್ಯನದಕ್ಕಿಂತ ಜಾಸ್ತಿ! ಅದನ್ನು ಇಡಿಯಾಗಿ ಓದಲು ಸಣ್ಣ ಹಳೆ ಕಿಟ್ ಸಾಲದು. ಕಡ್ಡಿ ಮತ್ತು ಡಬ್ಬಿ ತಳಿಗಳಲ್ಲಿ ಗೊತ್ತಿರುವ ನಾಲ್ಕಾರು ಜಾಗ ಹೋಲಿಸುವುದಾದರೆ ಧಾರಾಳವಾಗಿ ಸಾಕು. ಆದರೆ ಡಬ್ಬಿಯನ್ನು ಹಳೆ ಕಿಟ್‌ನಲ್ಲಿ, ಕಡ್ಡಿಯನ್ನು ಹೊಸದರಲ್ಲಿ ಓದಿಸಿದರೆ ಕಿಟ್ಟಿನ ವ್ಯತ್ಯಾಸವೇ ತಳಿಯ ವ್ಯತ್ಯಾಸದಂತೆ ಕಾಣಬಹುದು. ಎರಡನ್ನೂ ಒಂದೇ ಕಿಟ್‌ಗೆ ಬೆರೆಸಿ ಹಾಕಬೇಕು. ಮಾದರಿಗಳಿಗೆ ಮೊದಲೇ ಬಾರ್‌ಕೋಡ್ ಅಕ್ಷರ ಅಂಟಿಸಿರುತ್ತಾರಲ್ಲ, ಆಮೇಲೆ ಕಂಪ್ಯೂಟರೇ ಬೇರ್ಪಡಿಸುತ್ತದೆ.