ಕಲ್ಯಾಣದ ಕ್ರೈಸ್ತರು: ಆಸ್ಪತ್ರೆಯಿಂದ ಆಯೋಗದವರೆಗೆ

ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಪ್ರಾಟೆಸ್ಟೆಂಟ್ ಕ್ರೈಸ್ತರಲ್ಲಿ ಬಹುಪಾಲು ಜನ ಮೆಥೋಡಿಸ್ಟ್ ಸಭೆಯವರಾಗಿದ್ದರೆ (ಸಭೆ ಎಂದರೆ ಚರ್ಚ್), ಮೈಸೂರು ಕಡೆಯವರು ಹೆಚ್ಚಾಗಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿದ್ದಾರೆ. ವಿದೇಶಿ ಮಿಷನ್‌ಗಳು ಪೈಪೋಟಿ ತಪ್ಪಿಸಲು ಸೀಮೆಗಳನ್ನು ಹಂಚಿಕೊಂಡು ಕೆಲಸ ಮಾಡಿದ್ದೇ ಇದಕ್ಕೆ ಕಾರಣ. ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ವೆಸ್ಲಿಯನ್ ಮಿಷನ್ ನೆಲೆಯೂರಿತು. ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗಕ್ಕೆ ಅಮೆರಿಕದ ಮೆಥೋಡಿಸ್ಟರು ಬಂದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ವೆಸ್ಲಿಯನ್ ಮತ್ತಿತರ ಸಭೆಗಳು ಒಂದಾಗಿ ಸಿಎಸ್‌ಐ ಹುಟ್ಟಿದಾಗ ಅಮೆರಿಕನ್ ಮೆಥೋಡಿಸ್ಟರು ಆ ಕೂಟದಲ್ಲಿ ಇರಲಿಲ್ಲ. ಅವರ ಸಭೆ 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆಯಾಗಿ ಸ್ವಾಯತ್ತವಾಯಿತು.

ಕೂಡುವಿಕೆಯ ಆ ಚರಿತ್ರೆಯಿಂದ ಹೊರಗುಳಿದ ಈ ಜನರಿಗೆ ಸಾರ್ವಜನಿಕ ಬದುಕಿನಲ್ಲಿ ಗುರುತು ಕೊಟ್ಟದ್ದು ಅವರ ಸೇವೆ. ಬೀದರಿನ ಮೆಥೋಡಿಸ್ಟ್ ಆಸ್ಪತ್ರೆ ಮತ್ತು ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆ, ಸರ್ಕಾರಿ ವೈದ್ಯರು ಅಪರೂಪವಾಗಿದ್ದ ಕಾಲದಲ್ಲಿ, ಸುತ್ತಲಿನ ಹಳ್ಳಿಗಳ ಹಿಂದೂ, ಮುಸ್ಲಿಂ, ಲಿಂಗಾಯತ ರೋಗಿಗಳಿಗೂ ತೆರೆದಿದ್ದವು. ಚಿಕಿತ್ಸೆಗೆ ಬಂದವರ ಜಾತಿ, ಮತ ನೋಡದ ಆ ನಡತೆಯೇ ಈ ಭಾಗದ ಕ್ರೈಸ್ತರ ಅತಿ ದೊಡ್ಡ ಸಾರ್ವಜನಿಕ ಸಾಕ್ಷ್ಯವೆಂದು ನಾನು ಭಾವಿಸುತ್ತೇನೆ. ಸಭೆಯ ಒಳಗೂ ಅದರ ಪರಿಣಾಮವಾಯಿತು. ಇಲ್ಲಿ ಕ್ರಿಸ್ತನನ್ನು ಒಪ್ಪಿಕೊಂಡವರಲ್ಲಿ ಹೆಚ್ಚಿನವರು ಅಸ್ಪೃಶ್ಯತೆಯ ಭಾರ ಹೊತ್ತ ದಲಿತ ಸಮುದಾಯದವರು. ಮಿಷನ್ ಶಾಲೆಯ ಅಕ್ಷರವೂ ದವಾಖಾನೆಯ ಆರೈಕೆಯೂ ಅವರಿಗೆ ಮೊದಲ ಬಾರಿಗೆ ಮನುಷ್ಯರೆಂಬ ಗೌರವವನ್ನು ತಂದವು.

ಈ ಬದುಕಿನ ಮೇಲೆ ಆಳವಾದ ಪೆಟ್ಟು ಬಿದ್ದದ್ದು 1950ರ ರಾಷ್ಟ್ರಪತಿ ಆದೇಶದಿಂದ. ಅದರ ಮೂರನೇ ಪರಿಚ್ಛೇದ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡರೂ ದಲಿತ ಕ್ರೈಸ್ತರು ಹೊರಗೇ ಉಳಿದರು. ಈ ಸ್ಥಾನಮಾನ ಕೇಳುವ ಕ್ರೈಸ್ತರು, ಮತಾಂತರದ ನಂತರವೂ ಅದೇ ತೀವ್ರತೆಯ ಸಾಮಾಜಿಕ ಅಸಮಾನತೆ ಮುಂದುವರಿದಿದೆಯೆಂದು ತೋರಿಸಬೇಕೆಂದು ಸುಪ್ರೀಂ ಕೋರ್ಟ್ 1985ರ ಸೂಸಾಯ್ ಪ್ರಕರಣದಲ್ಲಿ ಹೇಳಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗವು ಮತದ ಈ ಷರತ್ತನ್ನು ತೆಗೆಯಲು ಶಿಫಾರಸು ಮಾಡಿದರೂ ಆದೇಶ ಬದಲಾಗಲಿಲ್ಲ. ಈ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಲು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ಕೇಂದ್ರ ನೇಮಿಸಿತು.

ಬೇರೆ ಬೇರೆ ಸಭೆಗಳನ್ನು ಒಂದೇ ವೇದಿಕೆಗೆ ತಂದದ್ದು ಮುಖ್ಯವಾಗಿ ದಲಿತ ಕ್ರೈಸ್ತರಿಗೂ ಪರಿಶಿಷ್ಟ ಜಾತಿಯ ಸ್ಥಾನಮಾನ ಸಿಗಬೇಕೆಂಬಂಥ ಬೇಡಿಕೆಗಳು. ಕಥೋಲಿಕರ ಮಟ್ಟಿಗೆ 1964ರಲ್ಲಿ ಅವರ ಧರ್ಮಾಧ್ಯಕ್ಷರ (ಬಿಷಪ್ಪರ) ಜಾಗತಿಕ ಕೂಟವಾದ ಎರಡನೇ ವ್ಯಾಟಿಕನ್ ಮಹಾಸಭೆ ಸಭೈಕ್ಯದ, ಅಂದರೆ ಬೇರೆ ಬೇರೆ ಕ್ರೈಸ್ತ ಸಭೆಗಳ ಒಗ್ಗಟ್ಟಿನ, ಬಾಗಿಲನ್ನು ತೆರೆದಿತ್ತು, 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ಬಳ್ಳಾರಿಯಿಂದ ಬೇರ್ಪಟ್ಟ ಮೇಲೆ ಈ ಭಾಗಕ್ಕೆ ತನ್ನದೇ ಧರ್ಮಾಧ್ಯಕ್ಷರೂ ದೊರೆತರು. ಆದರೆ ಹಕ್ಕಿನ ಬೇಡಿಕೆಗಾಗಿ ಕೂಡುವುದು ಎಷ್ಟು ನ್ಯಾಯವೋ, ಅದಕ್ಕೆ ಮೊದಲು ಸಭೆಯ ಒಳಗಿನ ಜಾತಿಯನ್ನು ಎದುರಿಸುವುದು ಅಷ್ಟೇ ಅಗತ್ಯ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಸಭೆಯೊಳಗೆ ತಾರತಮ್ಯವಿದೆಯೆಂದು ಒಪ್ಪಿಕೊಂಡಿತು. ಸರ್ಕಾರದ ಮುಂದೆ ಸಮಾನತೆ ಕೇಳುವ ಸಭೆಗಳು ಸಭಾಪಾಲಕರ (ಪಾದ್ರಿಗಳ) ನೇಮಕದಲ್ಲಿ, ಆಡಳಿತ ಸಮಿತಿಗಳಲ್ಲಿ, ಸ್ಮಶಾನದ ಜಾಗದಲ್ಲಿ ಅದನ್ನು ಪಾಲಿಸದೆ ಹೋದರೆ ಅವರ ಮನವಿಯ ಬಲ ಕುಂದುತ್ತದೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇ 1.87 ಮಾತ್ರ, ಇಷ್ಟು ಸಣ್ಣ ಸಮುದಾಯ ವೋಟುಗಳ ಎಣಿಕೆಯಿಂದ ಪ್ರಭಾವ ಬೀರಲಾರದು. ಆದ್ದರಿಂದ ಕಲ್ಯಾಣದ ಸಭೆಗಳು ಬಾಲಕೃಷ್ಣನ್ ಆಯೋಗದ ವಿಷಯದಲ್ಲಿ ತೋರುವ ಒಗ್ಗಟ್ಟನ್ನು ಬಡ ರೋಗಿಗಳ ಚಿಕಿತ್ಸೆಗೂ, ಗುಳೆ ಹೋಗುವ ಕೂಲಿಕಾರರ ಮಕ್ಕಳ ಶಾಲೆಗೂ ವಿಸ್ತರಿಸಬೇಕು, ಆ ರೋಗಿಗಳೂ ಮಕ್ಕಳೂ ಯಾವ ಮತದವರೇ ಆಗಿರಲಿ.