ಡ್ರೈವರ್‌ಗೆ ಯಾವ ಕೋರ್ಟು?

ಯುದ್ಧದಲ್ಲಿ ಸೆರೆ ಸಿಕ್ಕವನು ಅಪರಾಧಿ ಅಲ್ಲ. ಕ್ರಿಮಿನಲ್ ಕೇಸು ನಡೆಸುವ ನನ್ನ ಜೂನಿಯರ್‌ಗಳಿಗೇ ಇದನ್ನು ಹೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಶತ್ರು ಸೈನಿಕ ಗುಂಡು ಹಾರಿಸಿದ ಅಂತ ಅವನ ಮೇಲೆ ಕೊಲೆ ಕೇಸು ಹಾಕುವ ಹಾಗಿಲ್ಲ. ಮತ್ತೆ ಬಂದೂಕು ಹಿಡಿಯದಿರಲಿ ಅಂತ ಕೂಡಿಹಾಕಬಹುದು, ಕಾದಾಟ ಮುಗಿದ ಮೇಲೆ ಕಳಿಸಬೇಕು. 1971ರಲ್ಲಿ ನಮ್ಮ ಕೈಗೆ ಸಿಕ್ಕ ಸುಮಾರು 93,000 ಪಾಕಿಸ್ತಾನಿ ಸೆರೆಯಾಳುಗಳು, ತಡವಾಗಿಯಾದರೂ, ಹಾಗೇ ವಾಪಸ್ ಹೋದರು. ಯುದ್ಧಾಪರಾಧ ಮಾಡಿದ್ದರೆ ವಿಚಾರಣೆ ನಡೆಸಬಹುದು, ಆದರೆ 1949ರ ಜಿನೀವಾ ಒಪ್ಪಂದದ ಪ್ರಕಾರ ನಿಮ್ಮ ಸ್ವಂತ ಸೈನಿಕನಿಗೆ ಯಾವ ಕೋರ್ಟೋ ಅವನಿಗೂ ಅದೇ ಕೋರ್ಟು.

ಅಮೆರಿಕ ಎಡವಿದ್ದು ಇಲ್ಲೇ. ಸಲೀಂ ಹಮ್ದಾನ್ ಯೆಮೆನ್‌ನವನು, ತಿಂಗಳಿಗೆ 200 ಡಾಲರ್ ಸಂಬಳಕ್ಕೆ ಬಿನ್ ಲಾಡೆನ್‌ನ ಕಾರು ಓಡಿಸುತ್ತಿದ್ದ. 2001ರ ನವೆಂಬರ್‌ನಲ್ಲಿ ಅಫ್ಘಾನಿಸ್ತಾನದಲ್ಲಿ ಸಿಕ್ಕಿಬಿದ್ದ. ಅದೇ ತಿಂಗಳು ಬುಷ್ ಒಂದು ಆದೇಶ ಹೊರಡಿಸಿ, ಇಂಥವರಿಗೆ ಅಂತಲೇ ಮಿಲಿಟರಿ ಕಮಿಷನ್ ಎಂಬ ಬೇರೆ ಕೋರ್ಟನ್ನು ಹುಟ್ಟುಹಾಕಿದ್ದರು. ಅದರ ನಿಯಮ ಓದಿದಾಗ ನನಗೆ ನಿಜಕ್ಕೂ ಗಾಬರಿಯಾಯಿತು. ಆರೋಪಿಯನ್ನೇ ಹೊರಗೆ ಕಳಿಸಿ ವಿಚಾರಣೆ ಮುಂದುವರಿಸಬಹುದಂತೆ! ತನ್ನ ವಿರುದ್ಧದ ಸಾಕ್ಷ್ಯ ಏನು ಅಂತ ಅವನಿಗೆ ಗೊತ್ತೇ ಆಗದಿರಬಹುದು. ನಮ್ಮಲ್ಲಿ ಚಾರ್ಜ್‌ಶೀಟಿನ ನಕಲು ಸರಿಯಾಗಿ ಕೊಟ್ಟಿಲ್ಲ ಅಂತಲೇ ನಾವು ಎಷ್ಟು ಗಲಾಟೆ ಮಾಡುತ್ತೇವೆ, ಅಲ್ವಾ?

ಹಮ್ದಾನ್‌ಗೆ ಸೇನೆಯೇ ಕೊಟ್ಟ ವಕೀಲ ನೌಕಾಪಡೆಯ ಚಾರ್ಲ್ಸ್ ಸ್ವಿಫ್ಟ್. ತಪ್ಪೊಪ್ಪಿಗೆ ಮಾತುಕತೆ ಮಾಡಿ ಮುಗಿಸಲಿ ಅಂತ ನೇಮಿಸಿದ ಆ ಮನುಷ್ಯ ಸುಮ್ನೆ ಕೂರದೆ ಸರ್ಕಾರದ ಮೇಲೇ ದಾವೆ ಹೂಡಿದರು. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ್ದು ಭಾರತ ಮೂಲದ ನೀಲ್ ಕತ್ಯಾಲ್. 2006ರ ಜೂನ್ 29ರಂದು 5-3ರ ತೀರ್ಪು ಬಂತು: ಈ ಕಮಿಷನ್ ಅಮೆರಿಕದ ಸ್ವಂತ ಸೇನಾ ಕಾನೂನಿಗೂ ಜಿನೀವಾ ಒಪ್ಪಂದಕ್ಕೂ ವಿರುದ್ಧ. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಪೀಠದಲ್ಲಿ ಕೂರಲಿಲ್ಲ, ಕೆಳಗಿನ ಕೋರ್ಟಿನಲ್ಲಿದ್ದಾಗ ಇದೇ ಕೇಸಿನಲ್ಲಿ ಅವರು ಸರ್ಕಾರದ ಪರ ನಿಂತಿದ್ದರು. ಗೆದ್ದ ಸ್ವಿಫ್ಟ್‌ಗೆ ಬಡ್ತಿ ಸಿಗಲಿಲ್ಲ, ನೌಕಾಪಡೆ ಬಿಡಬೇಕಾಯಿತು.

ಕೆಲವೇ ತಿಂಗಳಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಹೊಸ ಕಾಯ್ದೆ ಮಾಡಿ ಕಮಿಷನ್‌ಗೆ ಮತ್ತೆ ಜೀವ ಕೊಟ್ಟಿತು. 2008ರಲ್ಲಿ ಹಮ್ದಾನ್ ಅದರ ಮುಂದೆ ನಿಂತ. ಆರು ಮಂದಿ ಸೇನಾಧಿಕಾರಿಗಳ ತಂಡ ಒಳಸಂಚಿನ ಆರೋಪದಿಂದ ಬಿಟ್ಟು, ಭಯೋತ್ಪಾದನೆಗೆ ನೆರವು ಕೊಟ್ಟ ಅಂತಷ್ಟೇ ತಪ್ಪಿತಸ್ಥನೆಂದಿತು. ಸರ್ಕಾರ ಕನಿಷ್ಠ 30 ವರ್ಷ ಕೇಳಿತ್ತು. ಸಿಕ್ಕಿದ್ದು 66 ತಿಂಗಳು, ಅದರಲ್ಲಿ 61 ತಿಂಗಳನ್ನು ಆಗಲೇ ಸೆರೆಯಲ್ಲಿ ಕಳೆದದ್ದಕ್ಕೆ ವಜಾ ಮಾಡಿದರು.

ಇಲ್ಲಿ ಒಂದು ವಿಚಿತ್ರ ಇದೆ. ಶಿಕ್ಷೆ ಮುಗಿದರೂ, ಪೂರ್ತಿ ಖುಲಾಸೆಯೇ ಆದರೂ, 'ಶತ್ರು ಹೋರಾಟಗಾರ' ಎಂಬ ಹಣೆಪಟ್ಟಿ ಇರುವವರೆಗೆ ಹಿಡಿದಿಡುವ ಹಕ್ಕು ತನಗಿದೆ ಅಂತ ಸರ್ಕಾರ ಹೇಳುತ್ತಿತ್ತು. ಸೆರೆಯಾಳಿಗೆ ಇರುವ ರಕ್ಷಣೆ ಬೇಡ, ಸೆರೆಯಲ್ಲಿಡುವ ಅಧಿಕಾರ ಮಾತ್ರ ಬೇಕು! ಹಾಗಾದರೆ ವಿಚಾರಣೆ ಯಾತಕ್ಕೆ?

ಕೊನೆಗೆ 2008ರ ನವೆಂಬರ್‌ನಲ್ಲಿ ಅವನನ್ನು ಯೆಮೆನ್‌ಗೆ ಕಳಿಸಿದರು. 2012ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ಕೋರ್ಟು ಆ ಉಳಿದ ಆರೋಪವನ್ನೂ ರದ್ದು ಮಾಡಿತು. ಅವನು ಕಾರು ಓಡಿಸುತ್ತಿದ್ದ ಕಾಲಕ್ಕೆ 'ನೆರವು' ಯುದ್ಧಾಪರಾಧವೇ ಆಗಿರಲಿಲ್ಲ. ನಮ್ಮ ಸಂವಿಧಾನದ 20(1)ನೇ ವಿಧಿ ಹೇಳುವುದೂ ಇದನ್ನೇ, ಮಾಡಿದಾಗ ಅಪರಾಧವಲ್ಲದ್ದಕ್ಕೆ ಆಮೇಲೆ ಶಿಕ್ಷೆ ಕೊಡುವಂತಿಲ್ಲ. ಅಷ್ಟರಲ್ಲಿ ಆ ಡ್ರೈವರ್ ಪೂರ್ತಿ ಶಿಕ್ಷೆ ಅನುಭವಿಸಿ, ಊರು ಸೇರಿ ಮೂರು ವರ್ಷದ ಮೇಲಾಗಿತ್ತು.